ಸರ್ ನಾರಾಯಣ ಗಣೇಶ ಚಂದಾವರ್ಕರ್

ಕನ್ನಡ ಕರಾವಳಿಯಿಂದ ಮುಂಬಯಿಗೆ ಬಂದು ನ್ಯಾಯಾಂಗದ ಉನ್ನತ ಪೀಠವನ್ನು ಅಲಂಕರಿಸಿದ ಮಹನೀಯರಲ್ಲಿ ಸರ್ ನಾರಾಯಣ ಗಣೇಶ ಚಂದಾವರ್ಕರ್ ಅವರು ಅಗ್ರಗಣ್ಯರು. 1855ರ ಡಿಸೆಂಬರ್ 2ರಂದು ಹೊನ್ನಾವರದ ಸಾರಸ್ವತ ಮನೆತನವೊಂದರಲ್ಲಿ ಜನಿಸಿದ ಅವರಿಗೆ ಶಾಮರಾವ್ ವಿಠಲ ಕೈಕಿಣಿಯವರು ಸೋದರಮಾವ. 1906ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು ಈ ಮಾವನ ಹೆಸರಿನದೇ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಅಲ್ಲಿಯೇ ದಕ್ಷಿಣಾ ಫೆಲೋ ಆಗಿದ್ದು, 1881ರಲ್ಲಿ ಕಾನೂನು ಪದವಿಯನ್ನು ಗಳಿಸಿದರು. 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವವನ್ನೂ ನಿರ್ವಹಿಸಿದರು.

ಅಂದಿನ ಮುಂಬಯಿ ಹೈಕೋರ್ಟಿನಲ್ಲಿ ಎರಡು ವಿಭಾಗಗಳಿದ್ದವು. ನಗರದ ದೊಡ್ಡ ದಾವೆಗಳ ಮೂಲ ವಿಭಾಗ ಬ್ಯಾರಿಸ್ಟರರ ಕ್ಷೇತ್ರ. ಜಿಲ್ಲೆಗಳಿಂದ ಬರುವ ಅಪೀಲುಗಳ ವಿಭಾಗದಲ್ಲಿ ದೇಶೀ ವಕೀಲರ ವೃತ್ತಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಭೂಮಿ, ದತ್ತಕ, ಪಾಲುಪಟ್ಟಿಯ ವ್ಯಾಜ್ಯಗಳೆಲ್ಲ ಕೊನೆಗೆ ಇಲ್ಲಿಗೇ ಬರುತ್ತಿದ್ದವು. ಇಲ್ಲಿ ಸಾಕ್ಷಿಗಳ ಆರ್ಭಟವಿಲ್ಲ. ಇರುವುದು ದಾಖಲೆಗಳ ಕಟ್ಟು ಮಾತ್ರ. ಎರಡನೆಯ ಅಪೀಲಿನಲ್ಲಂತೂ ವಾಸ್ತವಾಂಶಗಳನ್ನು ಮತ್ತೆ ಕೆದಕುವಂತಿಲ್ಲ, ಕಾನೂನಿನ ಅಂಶವೊಂದನ್ನೇ ಎತ್ತಬೇಕು. ಕೆಳಗಿನ ನ್ಯಾಯಾಲಯ ತಪ್ಪಿದ್ದಲ್ಲಿ ತಿದ್ದಲು ಮೇಲೊಂದು ಪೀಠವಿದೆ ಎಂಬ ನಂಬಿಕೆಯೇ ಈ ವೃತ್ತಿಯ ಬುನಾದಿ. ಚಂದಾವರ್ಕರರು ಇಪ್ಪತ್ತು ವರ್ಷ ಇದರಲ್ಲಿ ಪಳಗಿದರು.

ಸಮುದ್ರಯಾನವೆಂದರೆ ಜಾತಿಗೆ ಕುತ್ತೆನಿಸಿದ್ದ 1885ರಲ್ಲಿ ಅವರು ಕಲ್ಕತ್ತೆಯ ಮನಮೋಹನ ಘೋಷ್ ಹಾಗೂ ಮದರಾಸಿನ ರಾಮಸ್ವಾಮಿ ಮೊದಲಿಯಾರರೊಡನೆ ಇಂಗ್ಲೆಂಡಿಗೆ ತೆರಳಿ, ಅಲ್ಲಿನ ಮತದಾರರ ಮುಂದೆ ಭಾರತದ ಅಹವಾಲನ್ನು ಇಟ್ಟರು. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷ ರಾನಡೆಯವರ ನಿಧನಾನಂತರ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ರಾನಡೆಯವರ ಬಳಿಕ ಪ್ರಾರ್ಥನಾ ಸಮಾಜದ ಹೊಣೆಯೂ ಅವರ ಹೆಗಲೇರಿತು. 1909ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, 1910ರಲ್ಲಿ ಸರ್ ಪದವಿ ದೊರೆತವು.

ಆದರೆ ಅಪೀಲಿನಲ್ಲಿಯೇ ಬೆಳೆದ ಈ ನ್ಯಾಯವಾದಿಗೆ ಅಪೀಲಿಲ್ಲದ ಪೀಠದಲ್ಲಿ ಕೂಡುವ ಪ್ರಸಂಗ ಬಂದಿತು. 1910ರ ನಾಸಿಕ್ ಪಿತೂರಿ ಮೊಕದ್ದಮೆಗೆ ರಚಿತವಾದ ವಿಶೇಷ ನ್ಯಾಯಪೀಠದಲ್ಲಿ ಸರ್ ಬೇಸಿಲ್ ಸ್ಕಾಟ್ ಮತ್ತು ಹೀಟನ್ನರೊಂದಿಗೆ ಅವರೂ ಒಬ್ಬರು. ಜ್ಯೂರಿಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಆ ಡಿಸೆಂಬರಿನಲ್ಲಿ ವಿನಾಯಕ ದಾಮೋದರ ಸಾವರ್ಕರರಿಗೆ ಜೀವಾವಧಿ ಕರಿನೀರಿನ ಶಿಕ್ಷೆ ವಿಧಿಸಲ್ಪಟ್ಟಿತು.

ನಿವೃತ್ತಿಯ ನಂತರ, ಇಂದೋರ್ ಸಂಸ್ಥಾನದಲ್ಲಿ ಕೆಲಕಾಲ ದಿವಾನರಾಗಿದ್ದು ಬಂದ ಮೇಲೆ, 1918ರಲ್ಲಿ ಇನ್ನೂ ಕಠಿಣವಾದ ಹೊಣೆ ಎದುರಾಯಿತು. ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧಿತರಾಗಿದ್ದವರ ಪ್ರಕರಣಗಳನ್ನು ನ್ಯಾಯಮೂರ್ತಿ ಬೀಚ್‌ಕ್ರಾಫ್ಟರೊಡನೆ ಪರಿಶೀಲಿಸಬೇಕಿತ್ತು. ವಕೀಲರ ವಾದವಿಲ್ಲ, ಪಾಟೀಸವಾಲಿಲ್ಲ, ಸರಕಾರದ ಕಡತಗಳೇ ಆಧಾರ. 806 ಪ್ರಕರಣಗಳನ್ನು ನೋಡಿ, ಆರು ಮಂದಿಯ ಬಿಡುಗಡೆಗೆ ಮಾತ್ರ ಇಬ್ಬರೂ ಶಿಫಾರಸು ಮಾಡಿದರು. ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೂ ಒಂದೇ ಪಕ್ಷದ ಕಾಗದಗಳನ್ನೋದಿ ತೀರ್ಮಾನಿಸುವುದು, ಅವರು ಕಲಿತ ನ್ಯಾಯಪದ್ಧತಿಗೆ ಒಗ್ಗುವಂಥದಲ್ಲ. ಸರಕಾರವು ಆ ಹೆಸರಿನ ಗೌರವವನ್ನು ತನ್ನ ಸಮರ್ಥನೆಗೆ ಬಳಸಿಕೊಂಡಿತೆಂದೇ ಹೇಳಬೇಕು.

ಅದೇ ಚಂದಾವರ್ಕರರು 1920ರಲ್ಲಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಬಗೆಗಿನ ಹಂಟರ್ ಸಮಿತಿಯ ವರದಿಯನ್ನು ಪ್ರತಿಭಟಿಸಲು ಮುಂಬಯಿಯಲ್ಲಿ ನೆರೆದ ಸಾರ್ವಜನಿಕ ಸಭೆಯ ಅಧ್ಯಕ್ಷತೆ ವಹಿಸಿದರು. ಅಲ್ಲಿ ಗಾಂಧೀಜಿಯವರು ನಿರ್ಣಯ ಮಂಡಿಸಿದರು. ಮರುವರ್ಷ ಮುಂಬಯಿ ಶಾಸನ ಪರಿಷತ್ತಿನ ಅಧ್ಯಕ್ಷಸ್ಥಾನ ಅವರಿಗೆ ಒದಗಿತು. ಆ ಸ್ಥಾನದಲ್ಲಿರುವಾಗಲೇ 1923ರ ಮೇ 14ರಂದು ಬೆಂಗಳೂರಿನಲ್ಲಿ ನಿಧನರಾದರು.