ಗುಲಾಬಿಯ ಕಾಲದ ನೆಗಡಿ ಮತ್ತು ವೈದ್ಯ ಅಲ್ ರಾಝಿ

ಹಿ.ಶ. 251ರ (ಕ್ರಿ.ಶ. 865) ಸುಮಾರಿಗೆ ಇಂದಿನ ಇರಾನಿನ ರಯ್ಯ್ ನಗರದಲ್ಲಿ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅಲ್ ರಾಝಿ ಜನಿಸಿದರು. ಮೊದಲು ರಯ್ಯ್‌ನಲ್ಲಿ, ಅನಂತರ ಬಗ್ದಾದಿನಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದರು. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ವಿವರಿಸಿ ಗ್ರಂಥ ಬರೆದರು. ವೈದ್ಯರು ದೊರೆಯದ ಜನರಿಗಾಗಿಯೂ ಒಂದು ಗ್ರಂಥ ರಚಿಸಿದರು. ಬಡ ರೋಗಿಗಳ ಬಗ್ಗೆ ಅವರಿಗಿದ್ದ ಔದಾರ್ಯವನ್ನು ಚರಿತ್ರಕಾರರು ಸ್ಮರಿಸಿದ್ದಾರೆ.

ಅವರ ಕಾಲದ ಭೂಗೋಳ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರಿಗೆ ಒಂದು ವಿಚಿತ್ರ ಬಾಧೆಯಿತ್ತು. ವಸಂತದಲ್ಲಿ ಗುಲಾಬಿ ಅರಳಿದರೆ ಸಾಕು, ನೆಗಡಿ ಕಾಡುತ್ತಿತ್ತು. ಜನ ಮೆಚ್ಚುವ ಹೂವೇ ಒಬ್ಬರಿಗೆ ಕಾಯಿಲೆ ತರುವುದೆಂದರೆ ನಗುವವರೇ ಹೆಚ್ಚು. ರಾಝಿ ನಗಲಿಲ್ಲ. ಅದರ ಕಾರಣವನ್ನು ಹುಡುಕಿ ಒಂದು ಪ್ರಬಂಧವನ್ನೇ ಬರೆದರು. ಅವರ ವಿವರಣೆ ಆ ಕಾಲದ ವೈದ್ಯಶಾಸ್ತ್ರದ್ದು. ಆದರೆ ರೋಗಕ್ಕೂ ಋತುವಿಗೂ ಇರುವ ನಂಟನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ‘ಅಲರ್ಜಿ’ ಎಂಬ ಪದ ಹುಟ್ಟಿದ್ದು ಸಾವಿರ ವರ್ಷಗಳ ಬಳಿಕ, 1906ರಲ್ಲಿ.

ನಿರುಪದ್ರವಿ ಧೂಳನ್ನು ದೇಹವು ಶತ್ರುವೆಂದು ತಿಳಿದು ಹೋರಾಡುವುದೇ ಅಲರ್ಜಿ. ಆಗ ಮೂಗು ಸೋರುತ್ತದೆ, ಸೀನು ಬರುತ್ತದೆ. ಶ್ವಾಸನಾಳ ಬಿಗಿದರೆ ಉಬ್ಬಸ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರೇ, ನಿಮ್ಮ ಮನೆಯನ್ನೊಮ್ಮೆ ನೋಡಿ. ತಿಂಗಳುಗಟ್ಟಲೆ ಸುರಿಯುವ ಮಳೆಗೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಾಣದ ಹಾಸಿಗೆ, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ನುಸಿಗಳು ಬೆಳೆಯುತ್ತವೆ. ಜಿರಳೆ, ಬೆಕ್ಕುಗಳಿಂದಲೂ ಕೆಲವರಿಗೆ ಬಾಧೆಯುಂಟು. ಹೊರಗೆ ಹುಲ್ಲು, ಮರಗಳ ಪರಾಗ. ಬೂಷ್ಟು ಹಿಡಿದ ಒಣಹುಲ್ಲಿನ ಧೂಳು. ಒಲೆಯ ಹೊಗೆ ಅಲರ್ಜಿಕಾರಕವಲ್ಲ. ಆದರೆ ಉಬ್ಬಸವನ್ನು ಕೆರಳಿಸುತ್ತದೆ.

ಆದ್ದರಿಂದ ಯಾವ ಕಾಲದಲ್ಲಿ, ಯಾವ ಕೆಲಸದ ಬಳಿಕ ಕೆಮ್ಮು ಹೆಚ್ಚುತ್ತದೆಂದು ಗಮನಿಸಿ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಸೋರುವ ಮಾಡನ್ನು ಸರಿಪಡಿಸಿರಿ. ಮಗುವಿನ ಎದೆಯಲ್ಲಿ ಸುಯ್ಯೆಂಬ ಸದ್ದು ಕೇಳಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇನ್‌ಹೇಲರ್ ಚಟವಾಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಆ ಹೆದರಿಕೆಯಿಂದ ಔಷಧಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರಬಹುದು.

ಕೊನೆಗಾಲದಲ್ಲಿ ರಾಝಿ ದೃಷ್ಟಿ ಕಳೆದುಕೊಂಡರು. ಹಿ.ಶ. 313ರ (ಕ್ರಿ.ಶ. 925) ಸುಮಾರಿಗೆ ರಯ್ಯ್‌ನಲ್ಲೇ ನಿಧನರಾದರು. ಮನೆಯಲ್ಲಿ ಪದೇ ಪದೇ ಸೀನುವವರನ್ನು ನಾಜೂಕಿನವರೆಂದು ಹಾಸ್ಯ ಮಾಡುವ ಮೊದಲು ಅವರನ್ನು ನೆನೆಯಿರಿ. ರೋಗಿಯ ಮಾತನ್ನು ನಂಬುವುದರಿಂದಲೇ ಚಿಕಿತ್ಸೆ ಆರಂಭವಾಗುತ್ತದೆ.