ಬಿಸಿಲಿನ ರಸಾಯನಜ್ಞ ಜಾಕೊಮೊ ಚಾಮಿಚಾನ್

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉರುವಲಾಗಿ ಒದಗಿದುದು ಕಲ್ಲಿದ್ದಲಲ್ಲ, ಮಲೆನಾಡಿನ ಮರಗಳ ಇದ್ದಿಲು. ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಆವಿಯಿಂದ ಮದ್ಯಸಾರ, ಟಾರು ಮೊದಲಾದ ವಸ್ತುಗಳನ್ನೂ ಅಲ್ಲಿ ಪಡೆಯಲಾಗುತ್ತಿತ್ತು. ಎಲೆಗಳು ದಶಕಗಳ ಕಾಲ ಬಿಸಿಲನ್ನು ಕೂಡಿಟ್ಟು ಬೆಳೆಸಿದ ಮರ ಅಲ್ಪಕಾಲದಲ್ಲಿ ಮುಗಿದುಹೋಗುತ್ತಿತ್ತು. ಮರವನ್ನು ಕಡಿಯದೆ, ಎಲೆಯ ಕಸುಬನ್ನೇ ಕಲಿತು, ಬಿಸಿಲಿನಿಂದ ನೇರವಾಗಿ ಇಂಧನವನ್ನೂ ರಾಸಾಯನಿಕಗಳನ್ನೂ ಪಡೆಯಲಾಗದೆ? ಆ ಕುಲುಮೆ ಹೊತ್ತುವುದಕ್ಕೆ ಒಂದು ದಶಕ ಮೊದಲೇ ಈ ಪ್ರಶ್ನೆಯನ್ನು ವಿದ್ವಜ್ಜನರ ಮುಂದಿಟ್ಟವರು ಇಟಲಿಯ ಜಾಕೊಮೊ ಚಾಮಿಚಾನ್.

ಅರ್ಮೇನಿಯ ಮೂಲದ ಮನೆತನದ ಚಾಮಿಚಾನರು 1857ರ ಆಗಸ್ಟ್ 27ರಂದು ಟ್ರಿಯೆಸ್ಟೆ ನಗರದಲ್ಲಿ ಜನಿಸಿದರು. ವಿಯೆನ್ನಾದಲ್ಲಿಯೂ ಜರ್ಮನಿಯ ಗೀಸೆನ್‌ನಲ್ಲಿಯೂ ವ್ಯಾಸಂಗ ಮಾಡಿ, ರೋಮಿನಲ್ಲಿ ಕನ್ನಿಜಾರೊ ಅವರ ಸಹಾಯಕರಾದರು. 1889ರಿಂದ ಕೊನೆಯವರೆಗೂ ಬೊಲೊನ್ಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದರು. ಪಿರೋಲ್ ಎಂಬ ಸಂಯುಕ್ತದ ಮೇಲಿನ ಸಂಶೋಧನೆಯೇ ಅವರಿಗೆ ಮೊದಲು ಕೀರ್ತಿ ತಂದಿತು.

ಆದರೆ ಅವರ ಮನಸ್ಸು ಬೆಳಕಿನತ್ತ ತಿರುಗಿತ್ತು. ಮದ್ಯಸಾರದಲ್ಲಿ ಕರಗಿಸಿದ ಕ್ವಿನೋನನ್ನು ಬಿಸಿಲಿಗಿಟ್ಟರೆ ಅದು ಹೈಡ್ರೋಕ್ವಿನೋನ್ ಆಗುವುದನ್ನು ಅವರು 1886ರಲ್ಲಿಯೇ ಕಂಡಿದ್ದರು. 1900ರಿಂದ ಜರ್ಮನ್ ಸಹೋದ್ಯೋಗಿ ಪಾಲ್ ಸಿಲ್ಬರ್ ಅವರೊಡನೆ ಈ ಕಾರ್ಯವನ್ನು ವ್ರತದಂತೆ ಕೈಗೊಂಡರು. ಪ್ರಯೋಗಾಲಯದ ಮಾಳಿಗೆಯ ಮೇಲೆ ಗಾಜಿನ ಬುರುಡೆಗಳನ್ನು ಸಾಲಾಗಿ ಇರಿಸುವುದು, ತಿಂಗಳುಗಟ್ಟಲೆ ಕಾಯುವುದು, ಬಳಿಕ ಒಳಗೇನಾಗಿದೆಯೆಂದು ಪರೀಕ್ಷಿಸುವುದು, ಕುಲುಮೆಯಿಲ್ಲ, ಹೊಗೆಯಿಲ್ಲ. ನೀಲಿ ಬೆಳಕು ಮಾಡುವ ಕೆಲಸವನ್ನು ಕೆಂಪು ಬೆಳಕು ಮಾಡದೆಂಬುದನ್ನೂ ಅವರು ಪರೀಕ್ಷಿಸಿ ನೋಡಿದರು. ನಮ್ಮ ಸಬ್ಬಸಿಗೆ ಬೀಜದ ಪರಿಮಳಕ್ಕೆ ಕಾರಣವಾದ ಕಾರ್ವೋನನ್ನು ಒಂದು ವರ್ಷ ಬಿಸಿಲಿನಲ್ಲಿಟ್ಟು ಹೊಸದೊಂದು ಸಂಯುಕ್ತವನ್ನು ಪಡೆದು 1908ರಲ್ಲಿ ಪ್ರಕಟಿಸಿದರು. ಅದರ ರಚನೆ ಅವರು ಊಹಿಸಿದಂತೆಯೇ ಇದೆಯೆಂದು ದೃಢಪಟ್ಟದ್ದು 1957ರಲ್ಲಿ. ಫಲಕ್ಕಾಗಿ ಆತುರಪಡುವವರಿಗೆ ಒಗ್ಗುವ ವಿದ್ಯೆ ಇದಲ್ಲ.

1912ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಅನ್ವಯಿಕ ರಸಾಯನ ಸಮ್ಮೇಳನದಲ್ಲಿ ಅವರು ಉಪನ್ಯಾಸ ಮಾಡಿದರು. ಕಲ್ಲಿದ್ದಲೆಂಬುದು ಹಳೆಯ ಬಿಸಿಲಿನ ಉಳಿತಾಯ, ಅದು ಬರಿದಾಗುವುದು. ದಿನದಿನದ ಬಿಸಿಲಾದರೋ ವ್ಯರ್ಥವಾಗುತ್ತಿದೆ ಎಂಬುದು ಅವರ ವಾದದ ತಿರುಳು. ಬೆಳೆ ಬಾರದ ಮರುಭೂಮಿಗಳಲ್ಲಿ ಗಾಜಿನ ಕೊಳವೆಗಳ ಕಾರ್ಖಾನೆಗಳು ನಿಲ್ಲುವ, ಸಸ್ಯಗಳ ಗುಟ್ಟು ಮನುಷ್ಯನ ಕೈಸೇರುವ ಕಾಲವನ್ನು ಅವರು ಚಿತ್ರಿಸಿದರು. ಕಲ್ಲಿದ್ದಲು ಅಗ್ಗವಾಗಿದ್ದ ಆ ದಿನಗಳಲ್ಲಿ ಉದ್ಯಮಿಗಳು ಇದಕ್ಕೆ ಕಿವಿಗೊಡದಿದ್ದುದು ಆಶ್ಚರ್ಯವಲ್ಲ. ಮಹಾಯುದ್ಧ ಸಿಲ್ಬರರ ಜೊತೆಯನ್ನೂ ಮುರಿಯಿತು. ನೊಬೆಲ್ ಪಾರಿತೋಷಕಕ್ಕೆ ಹಲವು ಸಲ ಹೆಸರು ಸೂಚಿತವಾದರೂ ಅದು ಅವರಿಗೆ ದೊರೆಯಲಿಲ್ಲ. 1922ರ ಜನವರಿ 2ರಂದು ಬೊಲೊನ್ಯದಲ್ಲಿ ಅವರು ತೀರಿಕೊಂಡರು. ಭದ್ರಾವತಿಯ ಕುಲುಮೆ ಹೊತ್ತಿದುದು ಅದರ ಮರುವರ್ಷ.

ಚಾಮಿಚಾನರ ಬಳಿ ಬೆಳಕಿತ್ತು, ಗಾಜಿತ್ತು. ಎಲೆಯಲ್ಲಿ ಪತ್ರಹರಿತ್ತು ಮಾಡುವ ಕೆಲಸವನ್ನು ಮಾಡಬಲ್ಲ ಕ್ರಿಯಾವರ್ಧಕ ವಸ್ತು ಇರಲಿಲ್ಲ. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ಬೆಳಕಿನ ನೆರವಿನಿಂದ ನೀರನ್ನು ಒಡೆಯಬಲ್ಲುದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ತೋರಿಸಿದರು. ಆದರೆ ಅದು ಹೀರುವುದು ಅತಿನೇರಳೆ ಕಿರಣಗಳನ್ನು. ಬಿಸಿಲಿನಲ್ಲಿ ಅವುಗಳ ಪಾಲು ನೂರಕ್ಕೆ ಐದರಷ್ಟೂ ಇಲ್ಲ. ಕಣ್ಣಿಗೆ ಕಾಣುವ ಬೆಳಕನ್ನೇ ದುಡಿಸುವ ವಸ್ತುಗಳ ಹುಡುಕಾಟ ನಮ್ಮ ನಾಡಿನಲ್ಲಿಯೂ ನಡೆಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಮಾಲಿಬ್ಡಿನಮ್ ಸಲ್ಫೈಡಿನ ತೆಳುಹಾಳೆಗಳಿಂದಲೂ, ಕ್ಯಾಡ್ಮಿಯಂ ಸಲ್ಫೈಡ್ ಸೇರಿದ ಸೂಕ್ಷ್ಮ ಕಣಗಳಿಂದಲೂ ನೀರಿನಿಂದ ಜಲಜನಕ ಪಡೆದ ಫಲಿತಾಂಶಗಳನ್ನು 2013ರಲ್ಲಿ ಪ್ರಕಟಿಸಿದರು. ಕ್ಯಾಡ್ಮಿಯಂ ಸಲ್ಫೈಡಿಗೆ ಒಂದು ಕೊರತೆಯುಂಟು: ದುಡಿಯುತ್ತ ದುಡಿಯುತ್ತ ಬೆಳಕಿನಲ್ಲಿ ತಾನೇ ಸವೆಯುತ್ತದೆ. ಎಲೆಯೂ ಸವೆಯುತ್ತದೆ, ಆದರೆ ಬಿಸಿಲಿಗೆ ಹಾಳಾದ ಪ್ರೋಟೀನನ್ನು ಅದು ತೆಗೆದುಹಾಕಿ, ಅದೇ ಜಾಗದಲ್ಲಿ ಹೊಸದನ್ನು ಕೂರಿಸಿಕೊಳ್ಳುತ್ತದೆ.