ಹಳೇ ಅಣೆಕಟ್ಟು, ಸರ್ ಎಂ.ವಿ. ಲೆಕ್ಕ

ಸೆಪ್ಟೆಂಬರ್ 15 ಬಂತೆಂದರೆ ನಾವೆಲ್ಲ ಸರ್ ಎಂ.ವಿ. ಫೋಟೋಗೆ ಹಾರ ಹಾಕ್ತೀವಿ, ಕೆ.ಆರ್.ಎಸ್. ಹೆಸರು ಹೇಳ್ತೀವಿ. ಆದರೆ ಅವರ ಪೇಟೆಂಟ್ ಮೊದಲು ಕೆಲಸಕ್ಕೆ ಬಂದಿದ್ದು ಒಂದು ಹಳೇ ಅಣೆಕಟ್ಟಿನಲ್ಲಿ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತಾ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನಷ್ಟು ನೀರು ನಿಲ್ಲಿಸಬೇಕಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ನೀರು ಹರಿದುಹೋಗ್ತಿತ್ತು. ಅಂದರೆ ಅಷ್ಟು ಎತ್ತರದ ನೀರನ್ನು ಅಣೆಕಟ್ಟು ಆಗಲೇ ತಡೆದುಕೊಂಡಿತ್ತು! ಈ ಲೆಕ್ಕ ಹಿಡಿದು ಅವರು ಕೋಡಿಯ ಮೇಲೆ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ರೂಪಿಸಿದರು. 1903ರಲ್ಲಿ ಗೇಟು ಕೂರಿಸಿದಾಗ, ಗೋಡೆ ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಮುಂದೆ ಮೈಸೂರಿನ ದಿವಾನರಾದರು, 1955ರಲ್ಲಿ ಭಾರತರತ್ನ ಪಡೆದರು. 1962ರಲ್ಲಿ ತೀರಿಕೊಂಡ ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿ ರಸ್ತೆಗಳ ಹಳೇ ಸೇತುವೆಗಳಿಗೂ ಇದೇ ಲೆಕ್ಕ ಬೇಕು. ಒಂದು ಸೇತುವೆ ಮುಚ್ಚಿದರೆ ರೇಷ್ಮೆಗೂಡು ಹೊತ್ತ ಗಾಡಿ ಸುತ್ತು ಹಾಕಿ ಶಿಡ್ಲಘಟ್ಟ ಮಾರುಕಟ್ಟೆ ಸೇರಬೇಕು. ಬಿರುಕು ಕಂಡ ಕೂಡಲೇ ಒಡೆಯೋಣ ಅನ್ನೋದೂ ಬೇಡ, ಸಿಮೆಂಟ್ ಮೆತ್ತಿ ಸುಮ್ಮನಾಗೋದೂ ಬೇಡ. ಕಂಬಿಗೆ ತುಕ್ಕು ಹಿಡಿದಿದೆಯಾ, ಕಂಬದ ಬುಡದ ಮಣ್ಣು ಕೊಚ್ಚಿಹೋಗಿದೆಯಾ, ಬೇರಿಂಗ್ ಸರಿಯಾಗಿದೆಯಾ, ಈಗಿನ ಲಾರಿ ಭಾರ ತಡೆಯುತ್ತಾ ಅಂತ ಮೊದಲು ಅಳೆಯೋಣ. ಗ್ರೌಟಿಂಗೋ ಜಾಕೆಟಿಂಗೋ ಆಮೇಲೆ ತೀರ್ಮಾನಿಸೋಣ.